ದೀಪ ತಂದ ಮೇಲೆ

ಶಹಾಪುರದ ಪದವಿ ಕಾಲೇಜು, ಮೇಲಿನ ಮಹಡಿ,
ಫ್ಯಾನಿಲ್ಲದ ಕೋಣೆ, ತತ್ವಶಾಸ್ತ್ರಕ್ಕೆ ಏಳು ಜನ.
ನಾನು ಅತಿಥಿ ಉಪನ್ಯಾಸಕ. ಐದು ತಿಂಗಳ ಸಂಬಳ
ಇನ್ನೂ ಯಾರದೋ ಸಂಕಲ್ಪದಲ್ಲೇ ಇದೆ.

ಕರಿಹಲಗೆಯ ಮೇಲೆ ಅಡ್ಡಕ್ಕೊಂದು ಗೆರೆ ಎಳೆದೆ,
ನಡುವೆ ಸ್ವಲ್ಪ ಬಳುಕಿಸಿದೆ.
ಮಬ್ಬಿನಲ್ಲಿ ಒಬ್ಬ ಇದನ್ನು ಹಾವೆಂದ,
ಬೆವೆತ, ಕೂಗಿದ, ಎದೆ ಹಿಡಿದುಕೊಂಡ.
ದೀಪ ತಂದರು. ಹಗ್ಗ.
ಹಾವು ಎಲ್ಲಿಗೆ ಹೋಯಿತು?
ಎಲ್ಲಿಗೂ ಇಲ್ಲ, ಬಂದೇ ಇರಲಿಲ್ಲ.
ಕೇಡೂ ಹಾಗೆಯೇ ಎಂದೆ. ಇರುವುದೊಂದೇ ಅರಿವು,
ಅದರ ಮೇಲೆ ನಮ್ಮ ಅಂಜಿಕೆ ಬಿಡಿಸಿದ ಚಿತ್ರ.
ಹನ್ನೆರಡು ವರ್ಷದಿಂದ ಹೇಳುತ್ತಿದ್ದೇನೆ,
ನಿದ್ದೆಯಲ್ಲೂ ತಪ್ಪುವುದಿಲ್ಲ.

ಕಿಟಕಿ ಪಕ್ಕದ ಮರೆಮ್ಮ ಎದ್ದು ನಿಂತಳು.
ಮೊದಲ ಸಲ.
"ಸರ್, ನಮ್ಮವ್ವಗ ಉಲ್ಟಾ ಆಗಿತ್ರಿ."

ಉಲ್ಟಾ ಅಂದರೆ?

"ನಸುಕಿನಾಗ ತೊಗರಿ ಕಟಗಿ ಹೊರಿ ಕಟ್ಟಾಕ ಹೋಗಿದ್ಳು.
ಕರೆಂಟ್ ಇರಲಿಲ್ಲ. ಹಗ್ಗ ಅಂತ ಹಿಡಿದ್ಳು.
ನಾನೇ ಮೊಬೈಲ್ ಬ್ಯಾಟ್ರಿ ಹಚ್ಕೊಂಡು ಓಡಿ ಬಂದೆ.
ಹಗ್ಗ ಮಾಯ ಆತು ಸರ್,
ಹಾವು ಉಳೀತು."

ಯಾರೂ ನಗಲಿಲ್ಲ. ಕೆಳಗೆ ರಸ್ತೆಯಲ್ಲಿ
ಭೀಮರಾಯನಗುಡಿಯ ಬಸ್ಸು ಹಾರ್ನ್ ಹೊಡೆಯುತ್ತಲೇ ಇತ್ತು.

ನನ್ನಲ್ಲಿ ಇನ್ನೂ ಉತ್ತರಗಳಿದ್ದವು.
ಕೇಡು ವಸ್ತುವಲ್ಲ, ಬರೀ ಇಲ್ಲದಿರುವಿಕೆ;
ಕತ್ತಲೆಂದರೆ ಬೆಳಕಿಲ್ಲ ಅನ್ನುವಷ್ಟೇ, ಹಾಗೆ.
"ಖರೆ ಅದರಿ," ಅಂದಳು.
"ಸೂಜಿಮದ್ದು ಫ್ರಿಜ್ಜಿನಾಗ ಇತ್ತಂತ, ಕೀಲಿ ಇರಲಿಲ್ಲ.
ಕೀಲಿ ಇದ್ದಾಕಿ ಮದಿವಿಗಿ ಹೋಗಿದ್ಳು.
ಡಾಕ್ಟರ್ ಇರಲಿಲ್ಲ. ಗಾಡಿಗಿ ಡೀಸೆಲ್ ಇರಲಿಲ್ಲ."
ಇಲ್ಲದಿರುವಿಕೆಗೆ ಕೈಯಿಲ್ಲ ಎಂದು ಪುಸ್ತಕ ಹೇಳುತ್ತದೆ.
ಆದರೆ ಆ ದಿನದ ಹಾಜರಿ ಪುಸ್ತಕದಲ್ಲಿ
ಬಾರದವರ ಸಹಿ ಇತ್ತಂತೆ,
ನೀಲಿ ಶಾಯಿಯಲ್ಲಿ, ಅಂದವಾಗಿ.

ಕಿಟಕಿಯಾಚೆ ಬೆಟ್ಟದ ಸಾಲು:
ಹಣೆ, ಮೂಗು, ಗದ್ದ, ಎದೆ.
ಬುದ್ಧ ಮಲಗಿದ್ದಾನೆ ಅನ್ನುತ್ತಾರೆ ಊರವರು.
ಎಲ್ಲವೂ ಒಂದೇ ಮನಸ್ಸಿನ ಒಳಗಿದ್ದರೆ
ಆ ಹಾವೂ ಅಲ್ಲೇ, ಆ ಕೈಯೂ ಅಲ್ಲೇ,
ಕಚ್ಚಿದ್ದು ತನ್ನನ್ನೇ ತಾನು.
ಸರಿ. ಒಪ್ಪಿದೆ.
ಹಾಗಾದರೆ ಆ ಮನಸ್ಸು ಯಾಕೆ ಚೀರಲಿಲ್ಲ?
ಚೀರಿದ್ದು ಹುಲಿಗೆಮ್ಮ ಮಾತ್ರ,
ಬಾವು ಮೊಣಕೈ ದಾಟುವಾಗ, ಆಟೋದ ಹಿಂದಿನ ಸೀಟಿನಲ್ಲಿ.
ಬೆಟ್ಟ ಮಗ್ಗುಲೂ ಬದಲಿಸಲಿಲ್ಲ.

ಸ್ಟಾಫ್ ರೂಮಿನಲ್ಲಿ ಹೇಳಿಕೊಂಡೆ.
ಸಂಸ್ಕೃತದವರು ಪೂರ್ವಜನ್ಮ ಎಂದರು,
ಅರ್ಥಶಾಸ್ತ್ರದವರು ಜಿಲ್ಲಾ ಬಜೆಟ್ ಎಂದರು.
ಉರ್ದುವಿನ ಝಹೀರುದ್ದೀನ್ ಸಾಹೇಬರು ಏನೂ ಅನ್ನದೆ
ಬಸಿಗೆ ಅರ್ಧ ಚಹಾ ಸುರಿದು ನನ್ನ ಕಡೆ ಸರಿಸಿದರು.
ಕುಡಿದೆ. ನಾಲಿಗೆ ಸುಟ್ಟಿತು,
ಅದರಲ್ಲಿ ಅನುಮಾನವಿರಲಿಲ್ಲ.

ರಾತ್ರಿ ಒಂದು ಹೊಳೆಯಿತು, ಅವಳಿಗೆ ಹೇಳಿಲ್ಲ:
ಆ ತಾಯಿಯ ಚೀರೇ ಅದರ ಚೀರು ಇರಬಹುದು,
ಬೇರೆ ಬಾಯಿ ಅದಕ್ಕಿಲ್ಲದಿರಬಹುದು.
ಇದು ಸಮಾಧಾನವೋ, ಇನ್ನೂ ದೊಡ್ಡ ಭಯವೋ ತಿಳಿಯದೆ
ನೀರು ಕುಡಿಯಲು ಎದ್ದವನು
ನೆಲಕ್ಕೆ ಬಿದ್ದಿದ್ದ ಬಟ್ಟೆಹಗ್ಗದ ಮುಂದೆ
ನಿಂತುಬಿಟ್ಟೆ, ಗೋಡೆ ತಡವಿ ಸ್ವಿಚ್ಚು ಹುಡುಕುತ್ತ.

ಮುಂದಿನ ವಾರ ಕಿರುಪರೀಕ್ಷೆ. ಹತ್ತು ಅಂಕದ ಪ್ರಶ್ನೆ,
ಪ್ರತಿವರ್ಷ ಕೇಳುವಂಥದ್ದೇ.
ಮರೆಮ್ಮ ಪಾಠದಲ್ಲಿದ್ದಂತೆ ಬರೆದಿದ್ದಾಳೆ,
ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ,
ಅವ್ವನ ಸುದ್ದಿ ಎಲ್ಲಿಯೂ ಇಲ್ಲ.
ಕೊನೆಯ ಸಾಲು ನಾನೇ ಬರೆಸಿದ ನೋಟ್ಸಿನದು,
ಅಡಿಗೆರೆ ಮಾತ್ರ ಅವಳದು:
ದೀಪ ತಂದ ಮೇಲೂ ಉಳಿಯುವುದೇ ಸತ್ಯ.

ಕೆಂಪು ಪೆನ್ನಿನ ಮುಚ್ಚಳ ತೆಗೆದು ಕೂತಿದ್ದೇನೆ.
ಗೆರೆ ನಡುವೆ
ಸ್ವಲ್ಪ ಬಳುಕಿದೆ.